ದರೋಡೆಕೋರ ಯಾರ ಪೈಕಿ?

ಸುಳ್ಳು ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳನ್ನು ಅಚ್ಚುಕಟ್ಟಾಗಿ ಹೇಳದವರ ಮೇಲೆ ಮಾತ್ರ ವಿಪರೀತ ಸಿಟ್ಟು. ಚಿಕ್ಕವನಿದ್ದಾಗ ಅಜ್ಜಿ ಕತೆ ಹೇಳುತ್ತ, ರಾಜಕುಮಾರ ಕುದುರೆ ಏರಿ ಏಳು ಸಮುದ್ರ ದಾಟಿದ ಎಂದರೆ, ನಾನು ಎದ್ದು ಕೂತು, ನಡುನೀರಿನಲ್ಲಿ ಕುದುರೆಗೆ ಮೇವು ಎಲ್ಲಿತ್ತು ಎಂದು ಕೇಳುತ್ತಿದ್ದೆ. ಅಜ್ಜಿ ಕೆಲವು ದಿನ ಸಹಿಸಿಕೊಂಡು ಆಮೇಲೆ ಕತೆ ಹೇಳುವುದನ್ನೇ ನಿಲ್ಲಿಸಿಬಿಟ್ಟಳು. ಊರಿನ ದೊಡ್ಡಾಟದಲ್ಲಿ ರಾಜ ರಂಗದ ಮೇಲೆ ಒಂದು ಸುತ್ತು ಹಾಕಿ ‘ಇಗೋ ಅರಣ್ಯಕ್ಕೆ ಬಂದೆವು’ ಎಂದರೆ ಉಳಿದವರು ಶಿಳ್ಳೆ ಹೊಡೆಯುತ್ತಿದ್ದರು, ನಾನು ಒಂದು ಗಿಡವಾದರೂ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಈಗ ರಾಣೆಬೆನ್ನೂರಿನಲ್ಲಿ ಬೀಜ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಪೊಟ್ಟಣದ ಮೇಲೆ ಏನೇ ಅಚ್ಚಾಗಿರಲಿ, ಒದ್ದೆ ಕಾಗದದ ಮೇಲೆ ಮೊಳಕೆ ಕಂಡ ಮೇಲಷ್ಟೇ ನಂಬುವುದು ನನ್ನ ಉದ್ಯೋಗ. ಇಂಥ ಮನುಷ್ಯ ಆಟ ಆಡಬಾರದು. ಆಡಿದರೂ ಆಟದ ನಿಯಮಗಳನ್ನು ತಾನೇ ಬರೆಯಲು ಹೋಗಬಾರದು. ನಾನು ಎರಡನ್ನೂ ಮಾಡಿದೆ.

ಆಟ ಕಂಡದ್ದು ಹುಬ್ಬಳ್ಳಿಯ ಗೆಳೆಯನೊಬ್ಬನ ಮನೆಯಲ್ಲಿ. ನಾಲ್ಕಾರು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬೊಬ್ಬರದೂ ಒಂದೊಂದು ಪಾತ್ರ: ವೀರ, ವೈದ್ಯ, ವ್ಯಾಪಾರಿ, ಹೀಗೆ. ಒಬ್ಬ ಮಾತ್ರ ಸೂತ್ರಧಾರ. ಕಾಡು, ಊರು, ಮಳೆ, ವೈರಿ ಎಲ್ಲ ಅವನೇ. ಉಳಿದವರು ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಎಲ್ಲ ಚೆಂದವೇ ಇತ್ತು. ಆದರೆ ಅಲ್ಲಿ ಹೊಟ್ಟೆಗೆ ಕತ್ತಿ ಚುಚ್ಚಿಸಿಕೊಂಡ ವೀರ ಒಂದು ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಎದ್ದರೆ ಪೂರ್ತಿ ಗುಣ. ನನಗೆ ಬಚ್ಚಲಲ್ಲಿ ಜಾರಿ ಹಿಡಿದ ಸೊಂಟ ಇನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗಲೇ ತೀರ್ಮಾನಿಸಿದೆ, ನಮ್ಮ ಸೀಮೆಯದೇ ಒಂದು ಆಟ ಕಟ್ಟಬೇಕು, ಅದರಲ್ಲಿ ಎಲ್ಲವೂ ಖರೇ ಖರೇ ಇರಬೇಕು ಎಂದು.

ಕಟ್ಟಿದೆ. ಮೋಟಾರು ಬರುವ ಮುಂಚಿನ ಕಾಲ. ಮೆಣಸಿನಕಾಯಿ ತುಂಬಿದ ಚಕ್ಕಡಿಗಳನ್ನು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಮುಟ್ಟಿಸಬೇಕು. ದಾರಿಯಲ್ಲಿ ದರೋಡೆಕೋರರು, ಕೊನೆಗೊಬ್ಬ ಮಾಂತ್ರಿಕ. ಅವನಿಗೂ ಮಂತ್ರ ಹೇಳುವಾಗ ಗಂಟಲು ಒಣಗುವ ನಿಯಮ ಇಟ್ಟಿದ್ದೆ. ಸೂತ್ರಧಾರ ನಾನೇ; ಆಡಲು ಮೂವರು ಸಿಕ್ಕರು. ನನ್ನ ಹೆಂಡತಿ ಗಿರಿಜಾ ವ್ಯಾಪಾರಿ. ಅವಳ ತಮ್ಮ ಶಿವಾನಂದ ವೀರ; ನಿಜಜೀವನದಲ್ಲಿ ಅವನದು ಬ್ಯಾಡಗಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಪಕ್ಕದ ಮನೆಯ ಸುಶೀಲಕ್ಕ ವೈದ್ಯೆ. ಅವರು ಸರಕಾರಿ ನರ್ಸ್ ಆಗಿ ನಿವೃತ್ತರಾದವರು. ಎತ್ತಿಗೆ ನೀರಡಿಕೆಯಾದರೆ ದಾಳ, ಅಚ್ಚಿಗೆ ಎಣ್ಣೆ ತೀರಿದರೆ ದಾಳ, ಮೆಣಸಿನಕಾಯಿಯ ಘಾಟಿಗೆ ಸೀನು ಬರುತ್ತದೋ ಇಲ್ಲವೋ ಎಂಬುದಕ್ಕೂ ದಾಳ. “ಮಾವಾ, ನಾವು ಬ್ಯಾಡಗಿ ಮಂದಿ ಸೀನಂಗಿಲ್ರಿ. ಹೊರಗಿನಾವ್ರಷ್ಟ ಸೀನತಾರ” ಎಂದ ಶಿವಾನಂದ. ಎಷ್ಟು ಸೊಗಸಾದ ಮಾತು ಅನ್ನಿಸಿ, ಹೊರಗಿನವರಿಗೆ ಬೇರೆಯೇ ಸೀನಿನ ನಿಯಮ ಮಾಡಿದೆ.

ಪ್ರತಿ ರವಿವಾರ ಆಡಿ ಮಳೆಗಾಲ ಮುಗಿಯುತ್ತ ಬಂದರೂ ಚಕ್ಕಡಿ ಬ್ಯಾಡಗಿ ಬಿಟ್ಟಿರಲಿಲ್ಲ. ವೀರನ ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾಗಿತ್ತು. ಕೀವು ಆರಲು ಎಷ್ಟು ದಿನ ಬೇಕೆಂದು ಸುಶೀಲಕ್ಕನನ್ನೇ ಕೇಳಿ ಬರೆದ ನಿಯಮ, ಹಾಗಾಗಿ ಅದನ್ನು ಸಡಿಲಿಸಲು ನನಗೆ ಮನಸ್ಸಿರಲಿಲ್ಲ. ಕಡೆಗೊಂದು ರವಿವಾರ ಶಿವಾನಂದ ಚಹದ ಕಪ್ಪು ಕೆಳಗಿಟ್ಟ.

“ಮಾವಾ, ನಾ ಬ್ಯಾಡಗಿಯಿಂದ ಬಸ್ಸಿನ್ಯಾಗ ನಿಂತ್ಕೊಂಡ ಬರೂದು, ಇಲ್ಲಿ ಬಂದು ಜಡ್ಡಾಗಿ ಮಲಗೂದು. ಇದರ ಬದಲಿ ಮನ್ಯಾಗ ಮಲಗತೇನಿ. ಮುಂದಿನ ಐತವಾರ ಏನರ ಆಗಲಿಲ್ಲಂದ್ರ ನಾ ಬರಂಗಿಲ್ಲ ನೋಡ್ರಿ.”

“ನಂದೂ ಅದ ಮಾತು ತಮ್ಮಾ,” ಎಂದರು ಸುಶೀಲಕ್ಕ. “ಡ್ಯೂಟಿ ಮುಗೀತಂತ ನಿಶ್ಚಿಂತಿಯಿಂದ ಇದ್ದೆ. ನಿನ್ನ ಆಟದಾಗ ಮತ್ತ ಪಟ್ಟಿ ಕಟ್ಟಾಕತ್ತೇನಿ.”

ಹೆದರಿದೆ. ವಾರವೆಲ್ಲ ಬೀಜಗಳ ಜೊತೆ ಕಳೆಯುವವನಿಗೆ, ರವಿವಾರ ಮಧ್ಯಾಹ್ನ ಮೂವರು ಮನುಷ್ಯರು ತನ್ನ ಬಾಯಿ ನೋಡುತ್ತ ಕೂಡುವುದೆಂದರೆ ಸಣ್ಣ ಸುಖವಲ್ಲ. ಅದು ಹೋದರೆ ರವಿವಾರಕ್ಕೂ ಸೋಮವಾರಕ್ಕೂ ನನಗೆ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ವೀರನ ಕಾಲನ್ನು ಗುಣಮಾಡಿ, ಎಂಥವರೂ ಮೈಮರೆಯುವಂಥ ಒಬ್ಬ ದರೋಡೆಕೋರನನ್ನು ತಯಾರಿಸಲು ಕೂತೆ. ಕತ್ತಿ ಎಷ್ಟು ಭಾರವಿರುತ್ತದೆಂದು ತಿಳಿಯಲು ಕಬ್ಬಿಣದ ಅಂಗಡಿಯಲ್ಲಿ ಪಟ್ಟಿ ಎತ್ತಿ ನೋಡಿದೆ. ಚಕ್ಕಡಿಯ ದಾರಿಯಲ್ಲಿ ಬರುವ ಕದರಮಂಡಲಗಿಗೆ ಹೋಗಿ, ಅಲ್ಲಿನ ಹನುಮಪ್ಪನಿಗೆ ಕೈಮುಗಿದು, ಯಾವ ಬದುವಿನ ಹಿಂದೆ ಎಷ್ಟು ಜನ ಅಡಗಬಹುದೆಂದು ರಸ್ತೆ ಬದಿಯಲ್ಲಿ ಬಗ್ಗಿ ಬಗ್ಗಿ ನೋಡಿದೆ. ಹೊಲದವರೊಬ್ಬರು ಬಂದು, “ಏನ್ ಕಳದೈತ್ರಿ, ನಾನೂ ಹುಡುಕಲೇನು?” ಎಂದು ಕೇಳಿ, ನನ್ನ ಜೊತೆ ತಾವೂ ಬಗ್ಗಿದರು. ಸ್ವಲ್ಪ ಹೊತ್ತು ಇಬ್ಬರೂ ಹುಡುಕಿದೆವು.

ರವಿವಾರ ಬಂತು. ಚಕ್ಕಡಿಗಳು ಕದರಮಂಡಲಗಿ ದಾಟಿದವು. ಬದುವಿನ ಹಿಂದಿನಿಂದ ನನ್ನ ದರೋಡೆಕೋರ ಜಿಗಿದ. ವಾರವಿಡೀ ಅಭ್ಯಾಸ ಮಾಡಿದ ಗೊಗ್ಗರು ದನಿಯಲ್ಲಿ “ಗಾಡಿ ನಿಲ್ಲಸ್ರಿ” ಎಂದೆ. ಶಿವಾನಂದನ ಕಣ್ಣುಗಳು ಅರಳಿದವು, ದಾಳ ಆಗಲೇ ಅವನ ಮುಷ್ಟಿಯಲ್ಲಿತ್ತು. ಗಿರಿಜಾ ಅವನ ಕೈ ಹಿಡಿದಳು.

“ತಡಿಯೋ,” ಎಂದು ನನ್ನ ಕಡೆ ತಿರುಗಿದಳು. “ಯಾವೂರಾತ್ರಿ ನಿಮ್ಮದು?”

ನಾನು ಸೃಷ್ಟಿಸಿದ ದರೋಡೆಕೋರನಿಗೆ ಊರಿಲ್ಲದೆ ಇರುತ್ತದೆಯೇ? “ಕಾಗಿನೆಲಿ,” ಎಂದೆ, ಹೆಮ್ಮೆಯಿಂದಲೇ.

“ಕಾಗಿನೆಲ್ಯಾಗ ಯಾರ ಪೈಕಿ?”

“ಮ್ಯಾಲಿನ ಓಣಿ ಕರಿಯಪ್ಪನ ಮಗ.”

“ನಿಮ್ಮ ತಾಯಿ ತವರಮನಿ?”

ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಬಾಯಿಗೆ ಬಂದಂತೆ “ಕುಮಾರಪಟ್ಟಣ” ಎಂದುಬಿಟ್ಟೆ. ಸುಶೀಲಕ್ಕ ನೆಟ್ಟಗೆ ಕೂತರು. “ಹೊಳಿದಂಡಿ ಮನಿಯವ್ರೇನು? ಹಂಗಾರ ನಿಮ್ಮವ್ವ ನನ್ನ ಸ್ವಾದರತ್ತಿ ಮಗಳಾಗಬೇಕಲ್ಲ.” ಪಾತ್ರದ ಮನೆತನವನ್ನು ಆಟಗಾರರೇ ಕಟ್ಟಿಕೊಳ್ಳಬಹುದು ಎಂಬುದು ನಾನೇ ಬರೆದ ನಿಯಮ, ಹಾಗಾಗಿ ಇಲ್ಲ ಎನ್ನುವಂತಿರಲಿಲ್ಲ. ಗಿರಿಜಾಳೂ ತನ್ನ ಕಡೆಯ ಒಂದು ನಂಟು ಸೇರಿಸಿದಳು; ಚಹ ಆರುವುದರೊಳಗೆ ದರೋಡೆಕೋರ ಇವರಿಗೆ ಎರಡು ಕಡೆಯಿಂದ ಬೀಗನಾದ. ಶಿವಾನಂದ ದಾಳವನ್ನು ಮೆಲ್ಲಗೆ ಕೆಳಗಿಟ್ಟು, “ನನಗ ಮಾವ ಆದ್ನಲ್ಲ. ಮಾವನ ಮ್ಯಾಲೆ ಕತ್ತಿ ಹೆಂಗ ಎತ್ತೂದು?” ಎಂದ.

“ಅವ ನಿಮ್ಮ ಕುತಗಿ ಕೊಯ್ಯಾಕ ಬಂದಾನ,” ಎಂದೆ ನಾನು.

“ಬೀಗರದ್ದಾ? ನಾಳೆ ನಾಕ ಮಂದ್ಯಾಗ ಹೆಂಗ ಮಾರಿ ತೋರಸ್ತಾನ್ರಿ ಅವ?” ಎಂದಳು ಗಿರಿಜಾ.

ನನಗೆ ತಲೆ ಕೆಟ್ಟಿತು. “ಇದು ಖರೇ ಅನಸಂಗಿಲ್ಲ. ಜಗಳಕ್ಕ ನಿಂತಾವ್ರು ಎಲ್ಲೆರ ಯಾರ ಪೈಕಿ ಅಂತ ಕೇಳತಾರೇನು?”

ಗಿರಿಜಾ ದಾಳವನ್ನು ಪಕ್ಕಕ್ಕೆ ಸರಿಸಿದಳು. “ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಸೀಟಿನ ಸಲುವಾಗಿ ನಮ್ಮಪ್ಪನ ಕೂಡ ಜಗಳಾ ತಗದಿದ್ರಿ. ನಾ ನಿಮ್ಮ ಮನಿಗೆ ಹೆಂಗ ಬಂದೆ ಅಂತ ತಿಳದೀರಿ?”

ಹೌದು, ಅವತ್ತು ನಾನು ಕಿಟಕಿಯಿಂದ ಟವಲು ಹಾಕಿ ಹಿಡಿದ ಸೀಟಿನಲ್ಲಿ ಹಿರಿಯರೊಬ್ಬರು ಬಂದು ಕೂತಿದ್ದರು. ಮಾತಿಗೆ ಮಾತು ಬೆಳೆದು ನಾನು ಅಂಗಿಯ ತೋಳು ಮಡಿಸುತ್ತಿದ್ದಾಗ ಅವರು ಅದೇ ಪ್ರಶ್ನೆ ಕೇಳಿದ್ದರು. ಬ್ಯಾಡಗಿ ಬರುವ ಹೊತ್ತಿಗೆ ಅರ್ಧರ್ಧ ಸೀಟಿನಲ್ಲಿ ಕೂತು ಇಬ್ಬರೂ ಶೇಂಗಾ ತಿನ್ನುತ್ತಿದ್ದೆವು. ಇಳಿಯುವ ಮೊದಲು ಅವರು ನನ್ನ ಜನ್ಮನಕ್ಷತ್ರವನ್ನೂ ಕೇಳಿಕೊಂಡಿದ್ದರು. ಕತ್ತಿಯ ಭಾರ, ಎತ್ತಿನ ನೀರಡಿಕೆ, ಸೀನು ಎಲ್ಲ ಹಿಡಿದ ನನ್ನ ನಿಯಮಗಳಲ್ಲಿ ಇದೊಂದು ಮಾತ್ರ ಬಿಟ್ಟುಹೋಗಿತ್ತು.

ಸೋತು, ದರೋಡೆಕೋರನಿಂದ “ಬರ್ರಿ, ಮನಿಗೆ ಹೋಗಿ ಊಟಾ ಮಾಡ್ಕೊಂಡ ಹೋಗೂಣು” ಎನ್ನಿಸಿದೆ. ಅವತ್ತಿನಿಂದ ಶಿವಾನಂದ ಮೊದಲ ಬಸ್ಸಿಗೇ ಬರುತ್ತಾನೆ. ಸುಶೀಲಕ್ಕ ತಿಂಡಿ ತರುತ್ತಾರೆ. ಚಕ್ಕಡಿಗಳು ಕಾಗಿನೆಲೆಯಲ್ಲೇ ನಿಂತಿವೆ, ಮಾಂತ್ರಿಕ ರಾಣೆಬೆನ್ನೂರಿನಲ್ಲಿ ಗಂಟಲು ಒಣಗಿಸಿಕೊಂಡು ಕಾಯುತ್ತಿದ್ದಾನೆ. ಇವರು ದರೋಡೆಕೋರನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಸೂತ್ರಧಾರನಾದ ತಪ್ಪಿಗೆ ಅವನ ಮನೆಮಂದಿಯೆಲ್ಲ ನಾನೇ.

ಕಳೆದ ವಾರ ನನ್ನ ಪಾಲಿಗೆ ಬಂದದ್ದು, ಮಾತುಕತೆಗೆ ತನ್ನನ್ನು ಮೊದಲು ಕರೆಯಲಿಲ್ಲವೆಂದು ಮುನಿಸಿಕೊಂಡ, ಹೆಣ್ಣಿನ ಕಡೆಯ ಸೋದರತ್ತೆಯ ಪಾತ್ರ. ಗೋಡೆ ಕಡೆ ಮುಖ ಮಾಡಿ ಕೂತೆ. ತಿಂಡಿ ಕೊಟ್ಟರೆ ತಟ್ಟೆ ಸರಿಸಿದೆ, ಎರಡು ಸಲ ಕರೆದರೂ ಕೇಳಿಸದವನಂತಿದ್ದೆ. ಶಿವಾನಂದ ಬೆರಗಾಗಿ, “ಮಾವಾ, ಇಷ್ಟ ದಿನದಾಗ ಇದೊಂದ ಖರೇ ಅನಸ್ತು ನೋಡ್ರಿ. ಎಲ್ಲಿ ಕಲ್ತ್ರಿ ಇದನ್ನ?” ಎಂದ.

“ಕಲತದ್ದಲ್ಲೋ ಅದು,” ಎಂದಳು ಗಿರಿಜಾ, “ಅವರ ಸ್ವಂತದ್ದು.”

ತಕ್ಕ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಉಳಿದವರು ಮೂರು ಸಲ ಕರೆಯುವ ತನಕ ಮುನಿದವರು ಬಾಯಿ ಬಿಡುವಂತಿಲ್ಲ ಎಂದು ಅವತ್ತು ಬೆಳಿಗ್ಗೆಯೇ ನಾನು ನಿಯಮ ಬರೆದಿದ್ದೆ. ಮೂರನೆಯ ಸಲ ಯಾರೂ ಕರೆಯಲಿಲ್ಲ.