ಅಡುಗೆಮನೆಗೆ ಹೋದ ಬಾಣ

ನಮ್ಮ ಕಾಕಾನ ತಲೆ ಕೆಟ್ಟಿದೆ ಎಂದು ಲಕ್ಷ್ಮೇಶ್ವರದ ಅರ್ಧ ಪೇಟೆ ಹೇಳುತ್ತದೆ. ಉಳಿದರ್ಧ ಪೇಟೆಗೆ ಅವನ ಪರಿಚಯವಿಲ್ಲ, ಅಷ್ಟೇ!

ಕಾಳಿನ ವ್ಯಾಪಾರದವನು. ಬಾಯಿ ಹೊಲಿದ ಚೀಲವನ್ನು ಬಿಚ್ಚಿಸಿ ನೋಡದೆ ಕೊಂಡವನಲ್ಲ. ಆ ಚಟ ಪೇಟೆಯಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಗದಗಿನಲ್ಲಿ ಮಿರ್ಚಿ ತಿನ್ನುವ ಮೊದಲು ಹಿಟ್ಟಿನ ಬೋಗುಣಿ ನೋಡಬೇಕು! ನಮ್ಮಣ್ಣನಿಗೆ ಕನ್ಯೆ ನೋಡಲು ಶಿರಹಟ್ಟಿಗೆ ಹೋದಾಗ, ಸಪ್ಪಳ ಸರಿಯಿಲ್ಲವೆಂದು ಬೀಗರ ಮಿಕ್ಸರನ್ನೇ ಬಿಚ್ಚಿ ಕೂತ. ಸಂಬಂಧ ಕೂಡಿತು. ಮಿಕ್ಸರ್ ಕೂಡಲಿಲ್ಲ.

ಕಂಪ್ಯೂಟರಿಗೂ ಅದೇ ನ್ಯಾಯ. ಯಾರು ಬೇಕಾದರೂ ಒಳಗೆ ಇಣುಕಬಹುದಾದ ಮುಕ್ತ ತಂತ್ರಾಂಶಕ್ಕೆ ಮಾತ್ರ ಒಳಗೆ ಪ್ರವೇಶ.

"ಬಿಚ್ಚಿ ನೋಡಿದ್ರ ನಿನಗ ತಿಳೀತೈತೇನ್ ಕಾಕಾ?"

"ನನಗ ತಿಳಿಯೋದು ಬ್ಯಾರೆ, ಅವರು ತೋರಸೋದು ಬ್ಯಾರೆ!"

ಇಂಥವನು ಒಂದು ದಿನ ಎರಡನೇ ಮಾನಿಟರ್ ತಂದ. ಒಂದು ಪಡಸಾಲೆಗೆ, ಇನ್ನೊಂದು ಗೋಡೆಯಾಚೆ ಅಡುಗೆಮನೆಗೆ! ಗೋಡೆ ಕೊರೆದು ಕೇಬಲ್ಲನ್ನೂ ತೂರಿಸಿದ.

ಕಾರಣ ಅವನ ಹೆಂಡತಿ, ನಮ್ಮ ಕಾಕು. ಈಚೆಗೆ ಅವಳಿಗೆ ಕಿವಿ ಕೇಳುವುದೇ ನಿಂತಿದೆ. ಕಿವಿಯ ಮಷೀನು ಹಾಕಿದರೆ "ತಲ್ಯಾಗ ಹಿಟ್ಟಿನ ಗಿರಣಿ ತಿರಗಿದಂಗ ಆಕ್ಕತಿ" ಎಂದು ಅದನ್ನು ಡಬ್ಬಿಗೆ ಹಾಕಿದಳು. ಗೋಡೆಯ ಆಚೆ ಈಚೆ ಕೂತು ದಿನವಿಡೀ ಜಗಳಾಡುತ್ತಿದ್ದ ಮನೆ ಗಪ್‌ಚಿಪ್ಪಾಯಿತು.

"ಜಗಳ ಇಲ್ದ ಮನಿ ಮನೀನ ಏನು?" ಎಂದ ಕಾಕಾ. "ನಾ ಇಲ್ಲಿ ಬರೀತೇನಿ, ಅಕಿ ಅಲ್ಲಿ ಓದ್ತಾಳ."

"ಫೋನಿಗೆ ಕಳಸು."

"ಹಿಟ್ಟಿನ ಕೈಲೆ ಫೋನ್ ಮುಟ್ಟೂದಿಲ್ಲ ಅಕಿ!"

ಆದರೆ ಅಡುಗೆಮನೆಯ ಪರದೆ ಕಪ್ಪಗೇ ಕೂತಿತ್ತು; ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಇರಲಿಲ್ಲ. "ಕಂಪನಿ ಡ್ರೈವರ್ ಹಾಕು ಕಾಕಾ, ಒಂದ ಕ್ಲಿಕ್ಕು" ಎಂದೆ.

"ಬಾಯಿ ಹೊಲದ ಚೀಲ! ನನ್ನ ಮನ್ಯಾಗ ಬ್ಯಾಡ!"

ಅಂದಿನಿಂದ ಮುಕ್ತ ಡ್ರೈವರಿನ ಬೇಟೆ. "ಛಲೋ ಡ್ರೈವರ್ ಸಿಗವಲ್ಲ" ಎಂದು ಓಣಿಯಲ್ಲೆಲ್ಲ ಗೋಳಾಡಿದ. ಪಕ್ಕದ ಮನೆಯವರು ಕನಿಕರಪಟ್ಟು ಮುಂಡರಗಿಯಿಂದ ತಮ್ಮ ಅಳಿಯನನ್ನೇ ಕರೆಸಿದರು. ಅವನು ಲಾರಿ ಓಡಿಸುತ್ತಾನೆ! ಪಾಪ, ಚಹಾ ಕುಡಿದು ವಿನಯದಿಂದ ಕೇಳಿದ: "ಗಾಡಿ ಎಲ್ಲಿ ನಿಲ್ಲಿಸೀರಿ?"

ಇಂಟರ್ನೆಟ್ಟಿನಲ್ಲಿ ಕಂಡಕಂಡವರಿಗೆಲ್ಲ ದುಂಬಾಲು ಬಿದ್ದು, ಯಾರೋ ಪುಣ್ಯಾತ್ಮರು ಹೇಳಿದಂತೆ ಮುಕ್ತ ಡ್ರೈವರಿನ ಹೊಸ ಆವೃತ್ತಿ ಹಾಕಿದ ಮೇಲೆ ಪರದೆ ಬೆಳಗಿತು. ಕಾಕಾ ಕುಣಿದೇ ಬಿಟ್ಟ! ಕುಣಿದು ಕೂತು ನೋಡಿದರೆ ಮೌಸಿನ ಬಾಣವೇ ಮಾಯ.

"ಬಾಣ ಎಲ್ಲಿ ಹೋತು? ಲೇ, ಬಾಣ ಹುಡುಕ್ರಲೇ!"

ಒಳಗಿನಿಂದ ಕಾಕು ಕೂಗಿದಳು: "ಇದರಾಗ ಎಂಥದೋ ಬಿಳೇ ಹುಳ ಹರದಾಡಾಕತ್ತೈತ್ರೀ!" ಹಿಂದೆಯೇ ಒರಸುಬಟ್ಟೆಯಿಂದ ಪಟಪಟ ಬಡಿದ ಸದ್ದು. ಅಡುಗೆಮನೆ ಇರುವುದು ಎಡಕ್ಕೆ. ಕಂಪ್ಯೂಟರು ಮಾತ್ರ ಅಲ್ಲಿಯ ಪರದೆ ಬಲಕ್ಕಿದೆ ಎಂದೇ ತಿಳಿದಿತ್ತು. ಒಲೆಯ ಕಡೆ ಹೋಗಲು ಬಾಣವನ್ನು ಬೀದಿಯ ಕಡೆ ತಳ್ಳಬೇಕು! ಕಾಕಾ ಅದನ್ನೂ ಸರಿಮಾಡಿದ.

ಆಮೇಲೆ ಟೈಪು ಮಾಡಿದ. ನಾನು ಕಾಕುವಿನ ಪಕ್ಕದಲ್ಲೇ ನಿಂತಿದ್ದೆ. ಪರದೆಯ ತುಂಬ ಬಾಗಿಲಿನ ಬೋರ್ಡಿನಷ್ಟು ದಪ್ಪ ಅಕ್ಷರ: "ಚಾ ಮಾಡ್ತೀಯೋ ಇಲ್ಲೋ?"

ಕಾಕು ಕೈ ಒರೆಸಿಕೊಂಡು, ತುಟಿಯಲ್ಲೇ ಒಂದೊಂದು ಅಕ್ಷರ ಕೂಡಿಸಿ ಓದಿದಳು. ಗೋಡೆಯ ಕಡೆ ತಿರುಗಿ ಸೊಂಟದ ಮೇಲೆ ಕೈಯಿಟ್ಟಳು.

"ಯಾಕ್ರಿ ಅಷ್ಟ ಜೋರ ಒದರ್ತೀರಿ? ನಾ ಏನ್ ಕಿವುಡಿ ಏನು?"

ಪರದೆಯ ಮೇಲಿನ ಅಕ್ಷರಗಳು ಮೆಲ್ಲಗೆ ಸಣ್ಣವಾದವು.

ಕಾಕು ಬೈಯುತ್ತಲೇ ಚಹಾಕ್ಕೆ ನೀರಿಟ್ಟಳು. ಗೋಡೆಯಾಚೆ ಕಾಕಾ ಬಿಕ್ಕಿದ್ದು ನನಗೊಬ್ಬಳಿಗೇ ಕೇಳಿಸಿತು.