ಎರಡು ಇಂಚು ದೊಡ್ಡ ಗಾಲಿ

ಕರ್‌ರ್‌ರ್... ಧಡ್!

ಮಹದೇವಪುರದ ನಮ್ಮ ಗಲ್ಲಿಯಲ್ಲಿ ಸಂಜೆ ಏಳೂವರೆಗೆ ಈ ಸದ್ದಾದರೆ ನಮ್ಮ ಯಜಮಾನರು ಬಂದರೆಂದೇ ಅರ್ಥ. ಮನೆ ಮಾಲಕಿ ಬೈರಮ್ಮನವರು ಬೈಕುಗಳ ವೇಗ ತಗ್ಗಿಸಲೆಂದು ಗೇಟಿನ ಮುಂದೆ ಸ್ವಂತ ಖರ್ಚಿನಲ್ಲಿ ಸಿಮೆಂಟಿನ ಹಂಪ್ ಕಟ್ಟಿಸಿದ್ದಾರೆ. ಹಂಪ್ ಎನ್ನುವುದು ಅವರ ವಿನಯ, ಅದೊಂದು ಗುಡ್ಡ. (ಮೇಲೊಂದು ಬಾವುಟ ನೆಟ್ಟರೆ ಜನ ಕಾಯಿ ಒಡೆಯಲು ಬಂದಾರು.) ಯಜಮಾನರ ಕಾರು ಅದರ ಮೇಲೆ ಹೊಟ್ಟೆ ಎಳೆದುಕೊಂಡು ಬರುವ ಸದ್ದಿಗೆ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ. ಅವರು ಮೆಟ್ಟಿಲು ಹತ್ತಿ ಕೈಕಾಲು ತೊಳೆಯುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಮದುವೆಯಾದ ಎರಡು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ತಪ್ಪದೆ ನಡೆದುಬಂದ ಒಪ್ಪಂದ ಅದೊಂದೇ.

ಈ ಮಳೆಗಾಲದಲ್ಲಿ ಆ ಗುಡ್ಡ ಕಾರಿನ ಆಯಿಲ್ ಚೇಂಬರನ್ನು ಎರಡು ಸಲ ಸೀಳಿತು. ಪ್ರತಿ ಸಲವೂ ಐದು ಸಾವಿರ ರೂಪಾಯಿ, ಮೇಲೆ ಬಾಡಿಗೆ ಓಡದೆ ಎರಡು ದಿನದ ದುಡಿಮೆ ನಷ್ಟ. ಎರಡನೆಯ ಸಲ ಗ್ಯಾರೇಜಿನಿಂದ ಬಂದ ಯಜಮಾನರು ತಟ್ಟೆಯ ಮುಂದೆ ಕೂತು ಘೋಷಿಸಿದರು:

“ಗಂಗಾ, ಗಾಡಿಗೆ ದೊಡ್ಡ ಗಾಲಿ ಹಾಕಿಸೋಣು. ಈಗಿರೋವು ಹದಿನಾಲ್ಕು ಇಂಚು. ಹದಿನಾರು ಹಾಕಿದ್ರ ಗಾಡಿ ಎರಡು ಇಂಚು ಮ್ಯಾಲೆ ಬರ್ತೈತಿ.”

“ಎರಡಲ್ಲ, ಒಂದು. ವ್ಯಾಸ ಎರಡು ಇಂಚು ಹೆಚ್ಚಾದ್ರ ನೆಲದಿಂದ ಏರೋದು ಅದರ ಅರ್ಧ.”

“ಉಣ್ಣೋ ಹೊತ್ತಿನ್ಯಾಗ ನಿನ್ನ ಬಿಎಸ್ಸಿ ತೆಗೀಬ್ಯಾಡ.”

ನಾನು ಲಿಂಗಸೂಗೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದಿದವಳು, ಗಣಿತದಲ್ಲಿ ತರಗತಿಗೇ ಮೊದಲು. (ತರಗತಿಯಲ್ಲಿ ಇದ್ದದ್ದು ಒಂಬತ್ತು ಜನ. ಮದುವೆ ಮಾತುಕತೆಯಲ್ಲಿ ಅಪ್ಪ ಆ ವಿವರಕ್ಕೆ ಹೋಗಲಿಲ್ಲ.) ಗಲ್ಲಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಇಪ್ಪತ್ತನಾಲ್ಕು ಸಾವಿರ ಕೂಡಿಸಿದ್ದೆ. ಅದು ನನ್ನ ಬಿ.ಎಡ್. ಫೀಸು. ಕೆ.ಆರ್. ಪುರದ ಒಂದು ಕಾಲೇಜಿನಲ್ಲಿ ಸೀಟೂ ಸಿಕ್ಕಿತ್ತು. ಹಣ ಕಟ್ಟಲು ಇನ್ನು ಹದಿನೈದು ದಿನ ಉಳಿದಿತ್ತು. ರಸ್ತೆಯಲ್ಲಿ ಹತ್ತಿಯ ಸೀರೆಯುಟ್ಟ ಟೀಚರ್ ಯಾರಾದರೂ ಕಂಡರೆ ನಾನು ತಿರುವಿನವರೆಗೂ ನೋಡುತ್ತ ನಿಲ್ಲುತ್ತಿದ್ದ ದಿನಗಳವು.

ಭಾನುವಾರ ಶಿವಾಜಿನಗರಕ್ಕೆ ಹೋದೆವು, ‘ಬರೀ ರೇಟು ಕೇಳಲು.’ ರಸೆಲ್ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಲತೀಫ್ ಭಾಯ್ ಹಳೆಯ ಗಾಲಿಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ನಡುವೆ ಚಹಾ ಕುಡಿಯುತ್ತ ಕೂತಿದ್ದರು.

“ಆವೋ ಬೆಹನ್, ಈ ಸೆಟ್ ನೋಡಿ. ಹದಿನಾರು ಇಂಚು, ಟೈರ್ ಸಮೇತ. ಒಬ್ರೇ ಓಡ್ಸಿದ್ದು, ದೊಡ್ಡ ಡಾಕ್ಟ್ರು.”

“ಅದಕ್ಕೇ ಏನು, ಟೈರಿಗೆ ಹೊಲಿಗೆ ಹಾಕಿರೋದು?” ಎಂದೆ.

ಲತೀಫ್ ಭಾಯ್ ಟೈರಿನ ತೇಪೆಯನ್ನು ಅಂಗೈಯಿಂದ ಮುಚ್ಚಿ ಯಜಮಾನರ ಕಡೆ ತಿರುಗಿದರು. “ನಿಮ್ ಮನೆಯೋರು ವಕೀಲ್ರಾ ಭಾಯ್?”

“ಅದಕ್ಕಿಂತ ಕಷ್ಟ. ಗಣಿತ,” ಎಂದರು ಯಜಮಾನರು.

ಇಪ್ಪತ್ತಾರು ಸಾವಿರದಿಂದ ಶುರುವಾದದ್ದು, ಹಳೆಯ ಗಾಲಿಗಳನ್ನೂ ಕೊಟ್ಟರೆ ಇಪ್ಪತ್ತನಾಲ್ಕಕ್ಕೆ ನಿಂತಿತು. ಸರಿಯಾಗಿ ನನ್ನ ಫೀಸಿನಷ್ಟು.

ಮನೆಗೆ ಬಂದು ನೋಟ್‌ಬುಕ್ ಬಿಡಿಸಿದೆ. ಚೇಂಬರಿನ ಉಳಿತಾಯ ಇಷ್ಟು, ತಪ್ಪುವ ರಜೆ ಇಷ್ಟು, ಭಾರದ ಗಾಲಿ ಹೆಚ್ಚಾಗಿ ಕುಡಿಯುವ ಪೆಟ್ರೋಲು ಇಷ್ಟು. ಎಂಟು ತಿಂಗಳಲ್ಲಿ ಹಾಕಿದ ದುಡ್ಡು ವಾಪಸು! ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದೆ. ಅಷ್ಟು ಅಚ್ಚುಕಟ್ಟಾದ ಪುಟವನ್ನು ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ.

“ಬ್ಯಾಡ ಗಂಗಾ. ನೀ ಫೀಸ್ ಕಟ್ಟು. ನಾ ಹಂಪ್ ಮ್ಯಾಲೆ ಸಾವಕಾಶ ಹೊಡೀತೀನಿ,” ಎಂದರು ಅವರು, ಗೋಡೆ ನೋಡುತ್ತ.

“ಬಿ.ಎಡ್. ಮುಂದಿನ ವರ್ಷನೂ ಇರ್ತೈತಿ. ಲೆಕ್ಕ ಸುಳ್ಳು ಹೇಳೂದಿಲ್ರೀ,” ಎಂದೆ. ಈ ವಾಕ್ಯ ನನ್ನದೇ. ಬೇರೆ ಯಾರ ಮೇಲೂ ಹೊರಿಸುವ ಹಾಗಿಲ್ಲ.

ಗಾಲಿ ಬದಲಾದ ದಿನ ಸಂಜೆ ಗಲ್ಲಿಯಲ್ಲಿ ಸದ್ದೇ ಇಲ್ಲ. ತಿರುಗಿ ನೋಡಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದಾರೆ, ಒಲೆಯ ಮೇಲೆ ಹಂಚೇ ಇಲ್ಲ. “ಗೆದ್ದಿವಿ!” ಎಂದರು ಅವರು. ಗೆದ್ದವರು ಅಂದು ರೊಟ್ಟಿಗೆ ಅರ್ಧ ಗಂಟೆ ಕಾದರು.

ತಿಂಗಳ ಕೊನೆಗೆ ಕಥೆಯೇ ತಿರುಗಿತು. ಯಜಮಾನರ ಕಾರು ಓಡುವುದು ಭಗವಂತರಾಯರ ಕೈಕೆಳಗೆ. ಅವರದು ಆಫೀಸುಗಳ ಸಿಬ್ಬಂದಿಯನ್ನು ಕರೆದೊಯ್ಯುವ ಗುತ್ತಿಗೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾರಿನ ಮೀಟರಿನ ಫೋಟೊ ಕಳಿಸಬೇಕು. ಕಿಲೋಮೀಟರಿಗೆ ಹದಿನಾಲ್ಕು ರೂಪಾಯಿ. ಈ ತಿಂಗಳು ರಾಯರು ಫೋನಿನಲ್ಲಿ ಆಡಿದ ಮಾತು ನನಗೂ ಕೇಳಿಸಿತು.

“ದುರ್ಗೇಶಾ, ರೂಟ್ ಅದೇ ಅದ, ಮಂದಿ ಅವರೇ ಇದ್ದಾರ. ಇನ್ನೂರ ಹದಿನೈದು ಕಿಲೋಮೀಟರ್ ಹೆಂಗ ಕಮ್ಮಿ ಆತು? ಅಂದ್ರ ಇಷ್ಟು ದಿನ ಸುಮ್ಮ ಸುತ್ತು ಹೊಡದು ಮೀಟರ್ ಏರಿಸ್ತಿದ್ದಿ. ಹಿಂದಿನ ಆರು ತಿಂಗಳದ್ದೂ ಹಿಡಕೋತೀನಿ.”

ಯಜಮಾನರು ಫೋನಿಟ್ಟು ರೊಟ್ಟಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ಕಡಿಮೆಯಾದ ಮೂರು ಸಾವಿರಕ್ಕಲ್ಲ, ಕಳ್ಳ ಎನಿಸಿಕೊಂಡದ್ದಕ್ಕೆ.

ಮರುದಿನ ಟ್ಯೂಷನ್ನಿನಲ್ಲಿ ಏಳನೇ ತರಗತಿಗೆ ಲೆಕ್ಕ ಬರೆಸುತ್ತಿದ್ದೆ: ‘ಒಂದು ಗಾಲಿಯ ವ್ಯಾಸ ಎಪ್ಪತ್ತು ಸೆಂಟಿಮೀಟರ್. ಒಂದು ಕಿಲೋಮೀಟರ್ ಹೋಗಲು ಅದು ಎಷ್ಟು ಸುತ್ತು ತಿರುಗಬೇಕು?’ ಸುಣ್ಣದ ಕಡ್ಡಿ ಕೈಯಲ್ಲೇ ಉಳಿಯಿತು. ಮೀಟರಿಗೆ ರಸ್ತೆ ಕಾಣುವುದಿಲ್ಲ. ಗಾಲಿ ಎಷ್ಟು ಸುತ್ತು ತಿರುಗಿತೆಂದಷ್ಟೇ ಅದು ಎಣಿಸುತ್ತದೆ. ದೊಡ್ಡ ಗಾಲಿ ಅದೇ ದಾರಿಯನ್ನು ಕಡಿಮೆ ಸುತ್ತಿನಲ್ಲಿ ಮುಗಿಸುತ್ತದೆ. ಕಾರು ನೂರು ಕಿಲೋಮೀಟರ್ ಓಡಿದರೆ ಮೀಟರ್ ಒಪ್ಪಿಕೊಳ್ಳುವುದು ತೊಂಬತ್ತೆರಡನ್ನು. ಗಾಲಿಯ ಎತ್ತರ ಲೆಕ್ಕ ಹಾಕಿದವಳು, ಗಾಲಿ ಉರುಳುತ್ತದೆ ಎಂಬುದನ್ನೇ ಮರೆತಿದ್ದೆ.

ಗಂಡನ ಹೆಸರಾದರೂ ಉಳಿಯಲಿ ಎಂದು ನೋಟ್‌ಬುಕ್ ಹಿಡಿದು ರಾಯರ ಆಫೀಸಿಗೆ ಹೋದೆ. ನನ್ನ ಬಳೆಯೊಂದನ್ನು ಬಿಚ್ಚಿ ಅವರ ಮೇಜಿನ ಮೇಲೆ ಮೂರು ಸುತ್ತು ಉರುಳಿಸಿದೆ. ಆಮೇಲೆ ಅವರ ಊಟದ ಡಬ್ಬಿಯ ಮುಚ್ಚಳವನ್ನು ಮೂರು ಸುತ್ತು ಉರುಳಿಸಿದೆ. ಮುಚ್ಚಳ ಮೇಜು ದಾಟಿ ಅವರ ತೊಡೆಗೆ ಬಿತ್ತು.

“ನೋಡ್ರಿ ಸರ್, ಸುತ್ತು ಅಷ್ಟೇ. ದೂರ ಮಾತ್ರ ಜಾಸ್ತಿ.”

ರಾಯರು ಮುಚ್ಚಳ ಹಿಡಿದು ಯೋಚಿಸಿದರು. “ಅಂದ್ರ ತಂಗಿ, ಗಾಲಿ ದೊಡ್ಡದಿದ್ರ ಗಾಡಿ ಓಡ್ತದ, ಮೀಟರ್ ಓಡಲ್ಲ?”

“ಹೌದ್ರಿ!”

“ಕಂಪನಿಯವರು ನನಗ ನಕ್ಷೆದಾಗಿನ ದೂರಕ್ಕ ರೊಕ್ಕ ಕೊಡ್ತಾರ. ನಾ ನಿಮಗ ಮೀಟರ್ ನೋಡಿ ಕೊಡ್ತೀನಿ. ಹೌದಲ್ಲ?”

“ಹೌದ್ರಿ, ಹೌದ್ರಿ!” ಇಷ್ಟು ಬೇಗ ಪಾಠ ಹಿಡಿದ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ. ಅವರು ನನಗೆ ಚಹಾ ತರಿಸಿದರು. ಹಳೆಯ ಆರು ತಿಂಗಳಿನ ಮಾತನ್ನು ಅಲ್ಲೇ ಬಿಟ್ಟುಕೊಟ್ಟರು. ನಾನು ಹಾರುತ್ತ ಮನೆಗೆ ಬಂದೆ.

ಸಂಜೆ ಚಾಲಕರ ಗುಂಪಿನಲ್ಲಿ ಅವರ ಸಂದೇಶ ಬಂತು: ‘ರಸ್ತೆಯಲ್ಲಿ ನೀರು ನಿಲ್ಲುವುದರಿಂದ, ಸಿಬ್ಬಂದಿಯ ಸುರಕ್ಷತೆಯ ದೃಷ್ಟಿಯಿಂದ, ಮುಂದಿನ ತಿಂಗಳಿಂದ ಎಲ್ಲ ಗಾಡಿಗಳಿಗೂ ಹದಿನಾರು ಇಂಚಿನ ಗಾಲಿ ಕಡ್ಡಾಯ. ಖರ್ಚು ಚಾಲಕರದು. ತಾಂತ್ರಿಕ ಸಲಹೆ: ಶ್ರೀಮತಿ ಗಂಗಾ ದುರ್ಗೇಶ, ಬಿಎಸ್ಸಿ.’

ಫೀಸು ಕಟ್ಟುವ ದಿನ ಹೋಗಿ ಎರಡು ವಾರವಾಗಿತ್ತು. ನನ್ನ ಪದವಿ ಅಚ್ಚುಕಟ್ಟಾಗಿ ಬಳಕೆಯಾದದ್ದು ಇದೇ ಮೊದಲು.

ಇಂದು ಲತೀಫ್ ಭಾಯ್ ಒಂದು ಡಬ್ಬಿ ದಮ್ ರೋಟ್ ಸಿಹಿ ಕಳಿಸಿದ್ದಾರೆ, ‘ಬೆಹನ್‌ಗೆ’ ಎಂದು ಬರೆದು. ಅದನ್ನು ಬಿಚ್ಚುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ಗಲ್ಲಿಯಲ್ಲಿ ಹನ್ನೊಂದು ಕಾರು ಬಂದು ನಿಂತಿವೆ. ಎಲ್ಲಕ್ಕೂ ದೊಡ್ಡ ಗಾಲಿ. ಗುಡ್ಡದ ಮೇಲೆ ಒಂದೂ ಕರ್ ಎನ್ನಲಿಲ್ಲ, ನನಗೆ ಓಡಲು ಸಮಯ ಕೊಡಲಿಲ್ಲ. ಹನ್ನೊಂದು ಜನ ಚಾಲಕರು ಒಳಗೆ ಬಂದು ಚಾಪೆಯ ಮೇಲೆ ಕೂತರು.

“ದುರ್ಗೇಶಣ್ಣ, ಗಾಲಿಗೂ ದುಡ್ಡು ಹೋಯ್ತು, ಮೀಟ್ರೂ ಕಮ್ಮಿ ತೋರಿಸ್ತಿದೆ. ಈ ಸಲಹೆ ಕೊಟ್ಟೋರು ಮನೇಲಿದ್ದಾರಾ?” ಎಂದರು ಒಬ್ಬರು, ಮೆಲ್ಲಗೆ.

ಯಜಮಾನರು ರೋಟಿನ ಡಬ್ಬಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ನಮ್ಮನ್ಯಾಗ ಲೆಕ್ಕ ಎಲ್ಲಾ ಈಕಿದು,” ಎಂದರು.

“ಚಾಕ್ಕ ಹಾಲಿಲ್ಲ, ತಂದೇ ಬಿಡ್ತೀನಿ,” ಎಂದು ನಾನು ಚಪ್ಪಲಿ ಮೆಟ್ಟಿದೆ. “ಅಷ್ಟರಾಗ ನೀವು ಅಣ್ಣಾರಿಗೆ ಪರಿಧಿ ಅಂದ್ರ ಏನಂತ...” ಎನ್ನುತ್ತಲೇ ಮೆಟ್ಟಿಲಿಳಿದು, ಬೈರಮ್ಮನವರ ಗುಡ್ಡ ಹತ್ತಿ ಇಳಿದು, ಹಾಲಿನ ಅಂಗಡಿಯ ಮುಂದೆ ಬಂದು, ಅದನ್ನೂ ದಾಟಿ, ಇನ್ನೂ ನಡೆಯುತ್ತಲೇ ಇದ್ದೇನೆ.