ಹೆಸರದ, ಆಸಾಮಿ ಇಲ್ಲ

ಸಿಟ್ಟು ಮಾಡಿಕೊಳ್ಳಬೇಡಿ, ಬಿಪಿ ಏರುತ್ತದೆ ಅಂತ ಡಾಕ್ಟರು ನನಗೆ ಹೇಳುತ್ತಾರೆ. ಸಿಟ್ಟು ಬರಿಸುವವರಿಗೆ ಮಾತ್ರ ಯಾವ ಡಾಕ್ಟರೂ ಏನೂ ಹೇಳುವುದಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಇದು ನ್ಯಾಯವಲ್ಲ ಅಂತ ತಿಳಿಯುತ್ತದೆ.

ಮೊನ್ನೆ ಯೆರವಡಾದ ನಮ್ಮ ಮನೆಯಲ್ಲಿ ಮೊಮ್ಮಗನ ಕೂಸಿಗೆ ಹೆಸರಿಡುವ ಕಾರ್ಯ. ತೊಟ್ಟಿಲಿಗೆ ಹೂವು ಕಟ್ಟಿಯಾಗಿತ್ತು, ಗುಗ್ಗರಿ ಬೆಂದಿತ್ತು, ಬೀಗರು ಬಂದು ಕೂತಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಇರುವ ಒಬ್ಬಳೇ ಸೋದರತ್ತೆ ನನ್ನ ಮೊಮ್ಮಗಳು ಪೂರ್ಣಿ. ಆಕೆ ರೇಷ್ಮೆ ಸೀರೆ ಉಟ್ಟು, ನನ್ನ ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತಿದ್ದಳು. ಮಧ್ಯಾಹ್ನದೊಳಗೆ ಪ್ರೋಗ್ರಾಮ್ ಓಡಿಸಿ ಕಾಲೇಜಿಗೆ ಕಳಿಸದಿದ್ದರೆ ಆ ವಿಷಯದಲ್ಲಿ ಫೇಲಂತೆ. ಮುಹೂರ್ತವೂ ಮಧ್ಯಾಹ್ನದೊಳಗೇ.

ಪರದೆ ನೋಡಿದರೆ ಬರೀ ಕಪ್ಪು. ಚಿತ್ರವಿಲ್ಲ, ಬಣ್ಣವಿಲ್ಲ. ಈಕೆ ಒಂದು ಸಾಲು ಬರೆಯುತ್ತಾಳೆ, ಅದು ನಾಲ್ಕು ಸಾಲು ಬೈಯುತ್ತದೆ.

“ಮುಂಜಾನೆ ಎಲ್ಲಾ ಸರಿ ಅದ ಅಂದಿತ್ತಲ್ಲ, ಈಗೇನು ದಾಡಿ ಅದಕ್ಕ?” ಅಂದೆ.

“ಅದು ಕಂಪೈಲ್, ಅಜ್ಜಿ. ಬರದದ್ದು ಸರಿ ಅದನೋ ಇಲ್ಲೋ ಅಷ್ಟ ನೋಡ್ತದ. ಈಗಿಂದು ಲಿಂಕ್. ನಾ ಒಂದು ಹೆಸರು ಹೇಳಿ ಕರದೀನಿ. ಹೆಸರದ, ಆಸಾಮಿ ಎಲ್ಲಿ ಅಂತ ಕೇಳಾಕತ್ತದ.”

“ಎಲ್ಲದಾನ ಆಸಾಮಿ?”

“ಬ್ಯಾರೆ ಫೈಲ್‌ನ್ಯಾಗ ಅದಾನ. ಆದ್ರೂ ಇದಕ್ಕ ಸಿಗವಲ್ಲ.”

ನನಗೆ ಮೈಯೆಲ್ಲ ಉರಿಯಿತು. ಮುಂಜಾನೆ ಹೂಂ ಅಂದು ಮಧ್ಯಾಹ್ನ ಉಹೂಂ ಅನ್ನುವ ಮಂದಿಯನ್ನು ಬೇಕಾದಷ್ಟು ನೋಡಿದ್ದೇನೆ. ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ಬೆಲ್ಲದ ಅಂಗಡಿ ಇದ್ದಾಗ ಅಂಥವರನ್ನು ಹೊಸ್ತಿಲು ಹತ್ತಗೊಡುತ್ತಿರಲಿಲ್ಲ. ಈ ಪೆಟ್ಟಿಗೆಗೆ ಮಾತ್ರ ಒಳಮನೆಯಲ್ಲಿ ಮರ್ಯಾದೆ. ಇಲ್ಲಿ ಹೆಸರಿದ್ದು ಆಸಾಮಿ ಇಲ್ಲ. ಹೊರಗೆ ತೊಟ್ಟಿಲಲ್ಲಿ ಆಸಾಮಿ ಕೈಕಾಲು ಬಡಿಯುತ್ತಿದ್ದಾನೆ, ಹೆಸರಿಲ್ಲ. ಆ ಹೆಸರಿಗಾಗಿ ಮೊಮ್ಮಗನ ಹೆಂಡತಿಯ ಜೊತೆ ನಾನು ಎಷ್ಟು ಜಗಳಾಡಿದ್ದೆ. ಆಕೆಗೆ ಎರಡಕ್ಷರದ ಹೊಸ ಹೆಸರು ಬೇಕಿತ್ತು. ತೀರಿಹೋದ ನಮ್ಮ ಮನೆಯವರ ಹೆಸರೇ ಆಗಬೇಕು ಅಂತ ಊಟ ಬಿಟ್ಟು ಗೆದ್ದಿದ್ದೆ.

“ಆತ್ಯಾ ಕುಠೇ ಆಹೇ?” ಅಂತ ಮರಾಠಿಯಲ್ಲಿ ಕೇಳುತ್ತ ಪಕ್ಕದ ಮನೆಯ ಕಮಲತಾಯಿ ಬಂದಳು, ಸೋದರತ್ತೆಯನ್ನು ಹುಡುಕಿಕೊಂಡು.

“ಕರೀ ಪರದೆಗೆ ಉಡಿ ತುಂಬಾಕತ್ತಾಳ” ಅಂದೆ. ಕನ್ನಡ ತಿಳಿಯದಿದ್ದರೂ ನನ್ನ ಮುಖ ನೋಡಿ ಆಕೆ ಹಿಂದೆ ಸರಿದಳು.

ಕೊನೆಗೆ ಪೂರ್ಣಿ ಗೆಳತಿಗೆ ಫೋನು ಹಚ್ಚಿದಳು. ಆ ಕಡೆಯಿಂದ ನಗು ಕೇಳಿಸಿತು. ಈಕೆ ಹಣೆ ಬಡಿದುಕೊಂಡಳು. ಎರಡು ಫೈಲಿನ ಹೆಸರು ಬರೆಯಬೇಕಾದಲ್ಲಿ ಒಂದನ್ನೇ ಬರೆದಿದ್ದಳಂತೆ. ಆಸಾಮಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಆ ಕೋಣೆ ಅದ ಅಂತಲೇ ಹೇಳದೆ ಹುಡುಕು ಅಂದರೆ ಯಾರು ಹುಡುಕಿಯಾರು? ಎರಡನೆಯದನ್ನೂ ಬರೆದಳು. ಪೆಟ್ಟಿಗೆ ಬಾಯಿ ಮುಚ್ಚಿಕೊಂಡು ಓಡಿತು. ಕಾಲೇಜಿಗೂ ಹೋಯಿತು.

ಪೂರ್ಣಿ ಓಡಿಬಂದು ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಿದಳು. ಆಗ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮಲ್ಲಿ ಪದ್ಧತಿ. ಉಳಿದವರು ಶಾಸ್ತ್ರಕ್ಕೆ ಗುದ್ದಿದರು. ನಾನು ಮುಂಜಾನೆಯಿಂದ ಕೂಡಿಟ್ಟದ್ದನ್ನೆಲ್ಲ ಗುದ್ದಿದೆ.

ಕೂಸು ಅಳತೊಡಗಿತು. “ನೀವು ಹಟ ಮಾಡಿ ಇಟ್ಟ ಹೆಸರು. ನೀವ ಕರದು ಸುಮ್ಮನ ಮಾಡ್ರಿ, ಅಜ್ಜಿ” ಅಂದಳು ಮೊಮ್ಮಗನ ಹೆಂಡತಿ.

ತೊಟ್ಟಿಲ ಮೇಲೆ ಬಗ್ಗಿದೆ. ಬಾಯಿ ತೆರೆದೆ. ಮದುವೆಯಾದಾಗಿನಿಂದ ಗಂಡನ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಈಗ ಹೇಗೆ ಬಂದೀತು? ಬೀಗರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಕೂಸು ಇನ್ನೂ ಜೋರು ಮಾಡಿತು.

“ಏನ್ರಿ,” ಅಂದೆ ಕೊನೆಗೆ, “ಮಂದಿ ಕೂತಾರ, ಸುಮ್ಮನಿರ್ರಿ.”